ಮನೆಯ ಬೆಲೆಗೆ ಓಡಾಟವನ್ನೂ ಕೂಡಿಸಿ ನೋಡಿ

ಸಂಪಾದಕರಿಗೆ,

ಮಾನ್ಯರೆ,

ನಿಮ್ಮ ಪತ್ರಿಕೆಯ ಮನೆ–ನಿವೇಶನ ಪುಟದ ಜಾಹೀರಾತುಗಳು ಹೊರವಲಯದ ಬಡಾವಣೆಗಳನ್ನು ಮೂರೇ ಸಂಖ್ಯೆಗಳಲ್ಲಿ ವಿವರಿಸುತ್ತವೆ: ಎಷ್ಟು ಚದರ ಅಡಿ, ಚದರ ಅಡಿಗೆ ಎಷ್ಟು, ನಗರದಿಂದ ಎಷ್ಟು ಕಿಲೋಮೀಟರ್. ಕೊಳ್ಳುವವರೂ ಈ ಮೂರನ್ನೇ ಹಿಡಿದು ಹೋಲಿಸುತ್ತಾರೆ. ಮನೆಯ ಬೆಲೆ ಒಂದು ಪುಸ್ತಕದಲ್ಲಿ, ಓಡಾಟದ ಖರ್ಚು ಇನ್ನೊಂದರಲ್ಲಿ, ರಸ್ತೆಯ ಮೇಲೆ ಕಳೆಯುವ ಹೊತ್ತು ಯಾವ ಪುಸ್ತಕದಲ್ಲೂ ಇಲ್ಲ. ಮೂರನ್ನೂ ಒಂದೇ ಪುಟಕ್ಕೆ ತಂದು ಕೂಡಿಸಿದರೆ ಎಷ್ಟೋ ಸಲ ಅಗ್ಗದ ಮನೆಯೇ ದುಬಾರಿಯಾಗುತ್ತದೆ. ಕೂಡಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಪತ್ರ ಉದ್ದವಾದರೂ ಜಾಗ ಕೊಡಬೇಕೆಂದು ಕೋರುತ್ತೇನೆ.

ದೂರ ಹೋದಂತೆ ನೆಲದ ಬೆಲೆ ಇಳಿಯುವುದಕ್ಕೆ ಕಾರಣವಿದೆ. ಪೇಟೆಯಿಂದ ದೂರವಾದಷ್ಟೂ ಸಾಗಣೆಯ ಖರ್ಚು ಏರುತ್ತದೆ, ಅದಕ್ಕೆ ತಕ್ಕಂತೆ ಭೂಮಿಯ ಗೇಣಿ ಇಳಿಯುತ್ತದೆ ಎಂಬುದನ್ನು ಜರ್ಮನಿಯ ಅರ್ಥಶಾಸ್ತ್ರಜ್ಞ ಫಾನ್ ಥ್ಯೂನನ್ 1826ರಲ್ಲೇ ವಿವರಿಸಿದ್ದರು. 1964ರಲ್ಲಿ ಅಮೆರಿಕದ ನಗರ ಯೋಜನಾ ತಜ್ಞ ವಿಲಿಯಂ ಅಲೊನ್ಸೊ ಅದೇ ತರ್ಕವನ್ನು ನಗರದ ಮನೆಗಳಿಗೆ ಅನ್ವಯಿಸಿದರು. ಅಂದರೆ ದೂರದ ಬಡಾವಣೆಯಲ್ಲಿ ಉಳಿಯುವ ಹಣ, ನಿಮ್ಮ ಓಡಾಟಕ್ಕೆ ಮಾರುಕಟ್ಟೆ ಕೊಡುವ ಪರಿಹಾರ. ಆದರೆ ಆ ಪರಿಹಾರ ನಿಗದಿಯಾಗುವುದು ಆ ಭಾಗದಲ್ಲಿ ಕೊಳ್ಳುವ ಎಲ್ಲರ ಲೆಕ್ಕ ಸೇರಿ. ಮನೆಯಲ್ಲೇ ಕೆಲಸ ಮಾಡುವವರಿಗೆ, ನಿವೃತ್ತರಿಗೆ ಅದು ಲಾಭ. ಒಬ್ಬರೇ ದುಡಿಯುವ ಮನೆಗೆ ಸರಿಹೋದೀತು. ಗಂಡ–ಹೆಂಡತಿ ಇಬ್ಬರೂ ದಿನಾ ನಗರಕ್ಕೆ ಹೋಗುವ ಮನೆಗೆ ಅದೇ ಬೆಲೆಯಲ್ಲಿ ನಷ್ಟ. ಬೆಲೆ ಎಲ್ಲರಿಗೂ ಒಂದೇ, ಓಡಾಟ ಒಬ್ಬೊಬ್ಬರಿಗೆ ಒಂದೊಂದು. ಹಾಗಾಗಿ ಪಕ್ಕದವರು ಕೊಂಡರು ಎಂಬುದು ನೀವೂ ಕೊಳ್ಳುವುದಕ್ಕೆ ಕಾರಣವಾಗಲಾರದು.

ಮೊದಲು ಸಮಯವನ್ನು ಅಳೆಯಬೇಕು. ಭಾನುವಾರ ಬೆಳಿಗ್ಗೆ ಏಜೆಂಟರ ಕಾರಿನಲ್ಲಿ ಹೋಗಿಬಂದ ಸಮಯ ಲೆಕ್ಕಕ್ಕಿಲ್ಲ. ಕೆಲಸದ ದಿನ, ನೀವು ನಿಜಕ್ಕೂ ಹೊರಡಬೇಕಾದ ಹೊತ್ತಿಗೇ ಹೊರಟು, ಆ ಮನೆಯ ಬಾಗಿಲಿನಿಂದ ಕಚೇರಿಯ ಕುರ್ಚಿಯ ತನಕ ಅಳೆಯಿರಿ. ಲಿಫ್ಟಿಗೆ ಕಾಯುವುದು, ಬೇಸ್‌ಮೆಂಟಿನಿಂದ ಗಾಡಿ ಹೊರತೆಗೆಯುವುದು, ಗೇಟಿನಿಂದ ಮುಖ್ಯರಸ್ತೆಗೆ ಸೇರಿಕೊಳ್ಳುವುದು, ಆ ಕಡೆ ಪಾರ್ಕಿಂಗ್ ಹುಡುಕುವುದು, ಮತ್ತೆ ಅಲ್ಲಿನ ಲಿಫ್ಟು ಎಲ್ಲ ಸೇರಿ ಒಂದು ಕಡೆಗೇ ಹತ್ತು ಹದಿನೈದು ನಿಮಿಷ ಸುಲಭವಾಗಿ ಹೋಗುತ್ತದೆ. ನಕ್ಷೆಯ ಆ್ಯಪ್ ರಸ್ತೆಯ ಸಮಯವನ್ನಷ್ಟೇ ತೋರಿಸುತ್ತದೆ. ಸಂಜೆಯ ದಾರಿಯನ್ನು ಬೇರೆಯಾಗಿಯೇ ಅಳೆಯಬೇಕು, ಬೆಳಗಿನದನ್ನು ಎರಡರಿಂದ ಗುಣಿಸಿದರೆ ಆಗದು. ಸೋಮವಾರ ಬೆಳಿಗ್ಗೆ ಒಮ್ಮೆ, ವಾರದ ನಡುವೆ ಒಮ್ಮೆ, ಶುಕ್ರವಾರ ಸಂಜೆ ಒಮ್ಮೆ, ಮಳೆ ಸುರಿದ ದಿನ ಒಮ್ಮೆ: ಇಷ್ಟನ್ನು ಮಾಡದೆ ಮುಂಗಡ ಕೊಡಬೇಡಿ. ಮಳೆಯ ದಿನ ಹೋದರೆ ಬಡಾವಣೆಯಲ್ಲಿ ನೀರು ಎಲ್ಲಿ ನಿಲ್ಲುತ್ತದೆ ಎಂಬುದೂ ಗೊತ್ತಾಗುತ್ತದೆ.

ಆ್ಯಪ್‌ನಲ್ಲಿ ತಲುಪಬೇಕಾದ ಗಂಟೆಯನ್ನು ಕೊಟ್ಟರೆ ‘40ರಿಂದ 75 ನಿಮಿಷ’ ಎಂಬಂಥ ಉತ್ತರ ಬರುತ್ತದೆ. ಎಲ್ಲರಿಗೂ 40 ನೆನಪಿರುತ್ತದೆ. ದಿನಚರಿಯನ್ನು ನಿರ್ಧರಿಸುವುದು 75. ತಡವಾಗಬಾರದು ಎನ್ನುವವರು ದಿನಾ 75 ನಿಮಿಷ ಮೊದಲೇ ಹೊರಡಬೇಕಾಗುತ್ತದೆ. ರಸ್ತೆ ಖಾಲಿಯಿದ್ದ ದಿನ ಉಳಿಯುವ ಅರ್ಧ ಗಂಟೆಯೂ ಕಚೇರಿಗೇ ಸೇರುತ್ತದೆ, ಮನೆಗೆ ಬರುವುದಿಲ್ಲ. ಇದಕ್ಕಾಗಿಯೇ ಸಾರಿಗೆ ಎಂಜಿನಿಯರುಗಳು ಸರಾಸರಿಯ ಜೊತೆಗೆ, 20 ಪ್ರಯಾಣಗಳಲ್ಲಿ 19ಕ್ಕೆ ಸಾಕಾಗುವ ಸಮಯವನ್ನೂ ಲೆಕ್ಕ ಹಾಕುತ್ತಾರೆ. ಎರಡು ಬಡಾವಣೆಗಳ ಸರಾಸರಿ ಒಂದೇ ಇದ್ದರೆ, ಏರಿಳಿತ ಕಡಿಮೆ ಇರುವ ಕಡೆಯನ್ನು ಕಣ್ಣುಮುಚ್ಚಿ ಆರಿಸಬಹುದು.

ಇಂದು ಅಳೆದ ಸಮಯ ಐದು ವರ್ಷದ ನಂತರವೂ ಅಷ್ಟೇ ಇರುವುದೇ? ಇದನ್ನು ಕೇಳಿಕೊಳ್ಳುವವರು ಬಹಳ ಕಡಿಮೆ. ರಸ್ತೆಯ ಸ್ವಭಾವ ವಿಚಿತ್ರ. ವಾಹನಗಳು ಏರಿದಷ್ಟೇ ಪ್ರಮಾಣದಲ್ಲಿ ಪ್ರಯಾಣದ ಸಮಯ ಏರುವುದಿಲ್ಲ, ರಸ್ತೆ ತುಂಬುತ್ತಾ ಬಂದಂತೆ ಏರಿಕೆಯೇ ಜೋರಾಗುತ್ತದೆ. ಅಮೆರಿಕದ ಸಾರ್ವಜನಿಕ ರಸ್ತೆಗಳ ಬ್ಯೂರೊ 1964ರಲ್ಲಿ ಕೊಟ್ಟ ಸೂತ್ರವನ್ನು ಯೋಜಕರು ಇಂದಿಗೂ ಬಳಸುತ್ತಾರೆ. ಅದರ ಪ್ರಕಾರ, ವಾಹನಗಳ ಸಂಖ್ಯೆಗೂ ರಸ್ತೆಯ ಸಾಮರ್ಥ್ಯಕ್ಕೂ ಇರುವ ಅನುಪಾತದ ನಾಲ್ಕನೆಯ ಘಾತಕ್ಕೆ ತಕ್ಕಂತೆ ವಿಳಂಬ ಬೆಳೆಯುತ್ತದೆ. ಖಾಲಿ ರಸ್ತೆಯಲ್ಲಿ 20 ನಿಮಿಷದ ದಾರಿ, ರಸ್ತೆ ತನ್ನ ಸಾಮರ್ಥ್ಯದಷ್ಟು ತುಂಬಿದಾಗ 23 ನಿಮಿಷ. ಅದರ ಮೇಲೆ ಶೇ 20ರಷ್ಟು ವಾಹನ ಸೇರಿದರೆ 26, ಶೇ 50ರಷ್ಟು ಸೇರಿದರೆ 35 ನಿಮಿಷ. ಸಿಗ್ನಲ್ಲುಗಳಿರುವ ರಸ್ತೆಯಲ್ಲಿ ಇನ್ನೂ ಕೆಡುತ್ತದೆ. ಹಾಗಾಗಿ ನೋಡಬೇಕಾದದ್ದು ಇಂದಿನ ಟ್ರಾಫಿಕ್ ಒಂದನ್ನೇ ಅಲ್ಲ, ಅದೇ ರಸ್ತೆಗೆ ಬಂದು ಸೇರಲಿರುವ ಮನೆಗಳನ್ನೂ. ದಾರಿಯುದ್ದಕ್ಕೂ ಅಡಿಪಾಯ ಎದ್ದಿರುವ, ಬೋರ್ಡು ನೆಟ್ಟಿರುವ ಅಪಾರ್ಟ್‌ಮೆಂಟುಗಳನ್ನು ಎಣಿಸಿ. ಒಂದೊಂದರಲ್ಲೂ ಎಷ್ಟು ಫ್ಲ್ಯಾಟು ಎಂದು ಕೇಳಿ ಕೂಡಿಸಿ. ಆಮೇಲೆ ಬಡಾವಣೆಯಿಂದ ಹೊರಬೀಳಲು ಎಷ್ಟು ದಾರಿಗಳಿವೆ ನೋಡಿ. ಒಂದೇ ಸೇತುವೆ, ಒಂದೇ ರೈಲ್ವೆ ಗೇಟು, ಒಂದೇ ವೃತ್ತದ ಮೂಲಕ ಎಲ್ಲರೂ ಹಾಯಬೇಕಿದ್ದರೆ ಆ ಜಾಗದ ಭವಿಷ್ಯ ಆ ಒಂದು ಬಿಂದುವಿಗೆ ಕಟ್ಟುಬಿದ್ದಿದೆ. ಬೇರೆ ಬೇರೆ ದಿಕ್ಕಿಗೆ ಎರಡು ದಾರಿ ಇರುವ ಬಡಾವಣೆ ಐದು ಕಿಲೋಮೀಟರ್ ದೂರವಿದ್ದರೂ ನನ್ನ ಆಯ್ಕೆ ಅದೇ.

ರಸ್ತೆ ಅಗಲವಾಗುತ್ತದೆ, ಆಮೇಲೆ ಎಲ್ಲ ಸರಿಹೋಗುತ್ತದೆ ಎಂಬ ಮಾತನ್ನು ನಂಬಿ ಹಣ ಹಾಕಬೇಡಿ. ಅಗಲವಾದ ರಸ್ತೆಗೆ ಬೇರೆ ದಾರಿಯವರು, ಬೇರೆ ಹೊತ್ತಿನವರು, ಬಸ್ಸಿನವರು ಎಲ್ಲರೂ ಬಂದು ಸೇರುತ್ತಾರೆ, ದಟ್ಟಣೆಯ ಹೊತ್ತಿನಲ್ಲಿ ಅದು ಮತ್ತೆ ತುಂಬುತ್ತದೆ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಆಂಥೊನಿ ಡೌನ್ಸ್ 1962ರಲ್ಲೇ ಬರೆದಿದ್ದರು. ಜಿಲ್ ಡ್ಯುರಾಂಟನ್ ಮತ್ತು ಮ್ಯಾಥ್ಯೂ ಟರ್ನರ್ ಎಂಬ ಅರ್ಥಶಾಸ್ತ್ರಜ್ಞರು 2011ರಲ್ಲಿ ಅಮೆರಿಕದ ನಗರಗಳ ಅಂಕಿಅಂಶ ಹಿಡಿದು ನೋಡಿದಾಗ, ಹೆದ್ದಾರಿಯ ಪಥಗಳ (ಲೇನ್) ಒಟ್ಟು ಉದ್ದ ಹೆಚ್ಚಾದಷ್ಟೇ ಪ್ರಮಾಣದಲ್ಲಿ ವಾಹನ ಓಡಾಟವೂ ಹೆಚ್ಚಿತ್ತು.

ಬಸ್ಸು, ರೈಲು ನಂಬಿಕೊಂಡವರು ಇನ್ನೊಂದು ವಿಷಯ ಗಮನಿಸಬೇಕು. ಜಾಹೀರಾತಿನ ‘ನಿಲ್ದಾಣ ಹತ್ತಿರ’ ಎಂಬುದನ್ನು ನಡೆದೇ ಪರೀಕ್ಷಿಸಿ. ಸಾಮಾನ್ಯ ನಡಿಗೆಯಲ್ಲಿ ನಿಮಿಷಕ್ಕೆ ಸುಮಾರು 80 ಮೀಟರ್, ಅಂದರೆ 800 ಮೀಟರಿಗೆ 10 ನಿಮಿಷ. ಅದು ನಕ್ಷೆಯ ಮೇಲಿನ ನೇರ ಗೆರೆಯಲ್ಲ, ಕಾಂಪೌಂಡ್ ಸುತ್ತಿ, ಚರಂಡಿ ಬಳಸಿ, ರಸ್ತೆ ದಾಟಿ ಹೋಗುವ ನಿಜವಾದ ದಾರಿ. ಹತ್ತು ನಿಮಿಷಕ್ಕೊಂದು ಬಸ್ಸು ಎಂದರೆ ಸರಾಸರಿ ಐದು ನಿಮಿಷ ಕಾಯಬೇಕು ಎಂದು ಎಲ್ಲರೂ ತಿಳಿಯುತ್ತಾರೆ. ಬಸ್ಸುಗಳು ಗಡಿಯಾರದಂತೆ ಬಂದರೆ ಮಾತ್ರ ಅದು ನಿಜ. ಹೊತ್ತುಗೊತ್ತಿಲ್ಲದೆ ಬಂದರೆ ಸರಾಸರಿ ಕಾಯುವಿಕೆ ಹತ್ತು ನಿಮಿಷದ ಹತ್ತಿರಕ್ಕೇ ಹೋಗುತ್ತದೆ, ಏಕೆಂದರೆ ಉದ್ದನೆಯ ಬಿಡುವಿನಲ್ಲೇ ಹೆಚ್ಚು ಜನ ನಿಲ್ದಾಣಕ್ಕೆ ಬಂದು ಸಿಕ್ಕಿಬೀಳುತ್ತಾರೆ. ನಡೆಯುವ ಮತ್ತು ಕಾಯುವ ಒಂದು ನಿಮಿಷ, ಕುಳಿತು ಸಾಗುವ ಎರಡು ನಿಮಿಷದಷ್ಟು ಭಾರ ಎಂದು ಯೋಜಕರು ಲೆಕ್ಕ ಹಿಡಿಯುವುದುಂಟು. ಒಂದು ಕಡೆ ಬಸ್ಸು ಬದಲಿಸಬೇಕಾದ 45 ನಿಮಿಷದ ದಾರಿಗಿಂತ ನೇರವಾದ 55 ನಿಮಿಷದ ದಾರಿ ಎಷ್ಟೋ ಸಲ ಹಿತ. ರಾತ್ರಿಯ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂಬುದನ್ನೂ ಕೇಳಿ. ಪಾಳಿಯ ಕೆಲಸದವರಿಗೆ ಇಡೀ ಆಯ್ಕೆ ಅದರ ಮೇಲೇ ನಿಂತಿರುತ್ತದೆ.

ಈಗ ಹಣ. ಓಡಾಟದ ತಿಂಗಳ ಖರ್ಚನ್ನು ಸಾಲದ ಭಾಷೆಗೆ ತಿರುಗಿಸುವುದು ಈ ಲೆಕ್ಕದ ಮುಖ್ಯ ಹೆಜ್ಜೆ. ಶೇ 8.5 ಬಡ್ಡಿಗೆ 20 ವರ್ಷದ ಸಾಲಕ್ಕೆ ಲಕ್ಷಕ್ಕೆ ತಿಂಗಳ ಕಂತು 868. ಕರೆನ್ಸಿ ಯಾವುದೇ ಇರಲಿ, ಅನುಪಾತ ಅದೇ. ಹಾಗಾದರೆ ಹತ್ತಿರದ ಮನೆಯಿಂದ ತಿಂಗಳಿಗೆ 868 ಉಳಿದರೆ, ಆ ಮನೆಗೆ ಒಂದು ಲಕ್ಷ ಹೆಚ್ಚು ಕೊಟ್ಟರೂ ತಿಂಗಳ ಜೇಬಿಗೆ ವ್ಯತ್ಯಾಸವಿಲ್ಲ. ತಿಂಗಳಿಗೆ 5,000 ಉಳಿದರೆ ಸುಮಾರು 5.76 ಲಕ್ಷ, 10,000 ಉಳಿದರೆ ಸುಮಾರು 11.5 ಲಕ್ಷ. ಬಡ್ಡಿ ಶೇ 9.5 ಆದರೆ ಲಕ್ಷಕ್ಕೆ 932, ಆಗ ಅದೇ ಉಳಿತಾಯ ಹೊರುವ ಸಾಲ ಸ್ವಲ್ಪ ಕಡಿಮೆ. ನಿಮ್ಮ ಬ್ಯಾಂಕಿನ ದರಕ್ಕೆ ಲಕ್ಷದ ಕಂತು ಎಷ್ಟೆಂದು ಕೇಳಿ ಬರೆದಿಟ್ಟುಕೊಂಡರೆ ಎರಡು ಮನೆಗಳ ನಡುವಿನ ಬೆಲೆಯ ಅಂತರವನ್ನು ನಿಂತಲ್ಲೇ ತೂಗಬಹುದು.

ತಿಂಗಳ ಖರ್ಚನ್ನು ಪೂರ್ತಿ ಬರೆಯಬೇಕು, ಅಲ್ಲೇ ಹೆಚ್ಚಿನವರು ಎಡವುವುದು. ದೂರದ ಮನೆ ಒಂದು ಕಡೆಗೆ 15 ಕಿಲೋಮೀಟರ್ ಹೆಚ್ಚು ಎಂದಿಟ್ಟುಕೊಳ್ಳಿ. ದಿನಕ್ಕೆ 30, ತಿಂಗಳ 22 ಕೆಲಸದ ದಿನಕ್ಕೆ 660 ಕಿಲೋಮೀಟರ್. ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರಿಗೆ 44 ಲೀಟರ್, ನಿಂತು ನಿಂತು ಸಾಗುವ ರಸ್ತೆಯಲ್ಲಿ ಇನ್ನೂ ಹೆಚ್ಚು. ಜನ ಇಲ್ಲಿಗೆ ನಿಲ್ಲಿಸುತ್ತಾರೆ. ವರ್ಷಕ್ಕೆ ಇದು 7,920 ಕಿಲೋಮೀಟರ್, ಐದು ವರ್ಷಕ್ಕೆ ಹತ್ತಿರಹತ್ತಿರ 40,000. ಅಂದರೆ ಒಂದು ಸೆಟ್ ಟೈರು, ನಾಲ್ಕು ಹೆಚ್ಚುವರಿ ಸರ್ವೀಸು, ಒಮ್ಮೆಯಾದರೂ ಬ್ರೇಕ್ ಪ್ಯಾಡು, ಕ್ಲಚ್ಚಿದ್ದ ಗಾಡಿಯಾದರೆ ಅದರ ಸವೆತ, ಮೇಲೆ ಮಾರುವಾಗ ಓಡೋಮೀಟರ್ ನೋಡಿ ಕಡಿತವಾಗುವ ಬೆಲೆ. ಇಂಧನದ ಬಿಲ್ಲಿಗೆ ಇವೆಲ್ಲ ಕೂಡಿದರೆ ಮೊತ್ತ ತೀರ ಬೇರೆಯದೇ ಆಗುತ್ತದೆ.

ಎಲ್ಲಕ್ಕಿಂತ ದೊಡ್ಡ ಜಿಗಿತ ಎರಡನೆಯ ವಾಹನದ್ದು. ಹತ್ತಿರದ ಬಡಾವಣೆಯಲ್ಲಿ ಒಂದು ಗಾಡಿ, ಬಸ್ಸು, ಆಟೊ ಸೇರಿಸಿ ಸಂಭಾಳಿಸುವ ಮನೆಗೆ ದೂರದಲ್ಲಿ ಇನ್ನೊಂದು ಗಾಡಿ ಅನಿವಾರ್ಯವಾಗುತ್ತದೆ. ಅದರ ಸಾಲದ ಕಂತು, ವಿಮೆ, ತೆರಿಗೆ, ಎರಡನೆಯ ಪಾರ್ಕಿಂಗ್ ಜಾಗದ ಬೆಲೆ ಇವು ಓಡಿಸಿದರೂ ಬರುತ್ತವೆ, ನಿಲ್ಲಿಸಿದರೂ ಬರುತ್ತವೆ. ಇವೆಲ್ಲದರ ತಿಂಗಳ ಮೊತ್ತವನ್ನು ಮೇಲಿನ 868ರಿಂದ ಭಾಗಿಸಿ ನೋಡಿ, ಅದು ಎಷ್ಟು ಲಕ್ಷದ ಸಾಲಕ್ಕೆ ಸಮ, ಹತ್ತಿರದ ಬಡಾವಣೆಯಲ್ಲಿ ಎಷ್ಟು ದೊಡ್ಡ ಮನೆ ಕೈಗೆಟುಕುತ್ತಿತ್ತು ಎಂದು ತಿಳಿಯುತ್ತದೆ. ಕಂತು ಕಟ್ಟುತ್ತಾ ಹೋದಂತೆ ಮನೆ ನಿಮ್ಮದಾಗುತ್ತದೆ, ಗಾಡಿಗೆ ಹಾಕಿದ ಹಣ ವರ್ಷ ವರ್ಷ ಕರಗುತ್ತದೆ. ಬ್ಯಾಂಕಿನವರು ಸಾಲ ಮಂಜೂರು ಮಾಡುವಾಗ ಇರುವ ಕಂತುಗಳನ್ನು ನೋಡುತ್ತಾರೆ, ಮುಂದೆ ಬರಲಿರುವ ಪೆಟ್ರೋಲನ್ನಲ್ಲ. ಷಿಕಾಗೊದ ಸೆಂಟರ್ ಫಾರ್ ನೇಬರ್‌ಹುಡ್ ಟೆಕ್ನಾಲಜಿ ಎಂಬ ಸಂಸ್ಥೆ ಇದೇ ಕಾರಣಕ್ಕೆ ಮನೆ ಮತ್ತು ಸಾರಿಗೆಯ ಖರ್ಚನ್ನು ಒಟ್ಟಿಗೇ ಅಳೆಯುತ್ತದೆ: ಎರಡೂ ಸೇರಿ ಆದಾಯದ ಶೇ 45 ಮೀರಬಾರದು ಎಂಬುದು ಅದರ ಮಿತಿ. ನಿಮ್ಮ ಸಂಬಳಕ್ಕೆ ಶೇ 45 ಸರಿಯೋ ಶೇ 40 ಸರಿಯೋ ನೀವೇ ನೋಡಿಕೊಳ್ಳಿ. ಎರಡನ್ನೂ ಕೂಡಿಸಿ ನೋಡುವ ಕ್ರಮವನ್ನು ಮಾತ್ರ ಬಿಡಬೇಡಿ.

ಇಷ್ಟೆಲ್ಲ ಕಳೆದ ಮೇಲೂ ದೂರದ ಮನೆಯೇ ಅಗ್ಗ ಎಂದು ಬರಬಹುದು. ಆಗ ಉಳಿದ ಮೊತ್ತವನ್ನು ಹೆಚ್ಚುವರಿ ಗಂಟೆಗಳಿಂದ ಭಾಗಿಸಿ. ತಿಂಗಳಿಗೆ ನಿಜವಾದ ಉಳಿತಾಯ 4,000, ದಿನಕ್ಕೆ ಹೋಗಿಬರುವುದಕ್ಕೆ ಒಂದು ಗಂಟೆ ಹೆಚ್ಚು ಎಂದರೆ ತಿಂಗಳಿಗೆ 22 ಗಂಟೆ, ಗಂಟೆಗೆ ಸುಮಾರು 182. ಇಬ್ಬರು ಹೋಗುವವರಿದ್ದರೆ 91. ಆ ದರಕ್ಕೆ ನಿಮ್ಮ ಸಂಜೆಯನ್ನು ಮಾರಲು ಒಪ್ಪಿಗೆಯೇ? ಓಡಾಟದ ಒಂದು ಗಂಟೆಗೆ ಗಂಟೆಯ ಸಂಬಳದ ಸುಮಾರು ಅರ್ಧ ಬೆಲೆ ಕಟ್ಟುವುದು ಸಾರಿಗೆ ಯೋಜನೆಯಲ್ಲಿರುವ ರೂಢಿ, ಅದರೊಂದಿಗೆ ಹೋಲಿಸಿ. ದಿನಕ್ಕೆ ಒಂದು ಗಂಟೆ ಎಂದರೆ ವರ್ಷದ 230 ಕೆಲಸದ ದಿನಗಳಲ್ಲಿ 230 ಗಂಟೆ, ಎಂಟು ಗಂಟೆಯ ಸುಮಾರು 29 ದಿನದ ದುಡಿಮೆ.

ಈ ಗಂಟೆಗಳನ್ನು ಅಭ್ಯಾಸವಾಗುತ್ತದೆ ಎಂದು ತಳ್ಳಿಹಾಕುವುದು ತಪ್ಪು. ಬ್ರೂನೊ ಫ್ರೈ ಮತ್ತು ಅಲೋಯಿಸ್ ಸ್ಟಟ್ಸರ್ ಎಂಬ ಅರ್ಥಶಾಸ್ತ್ರಜ್ಞರು ಜರ್ಮನಿಯ ಕುಟುಂಬಗಳ ಸಮೀಕ್ಷೆಯನ್ನು ಆಧರಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಓಡಾಟ ಉದ್ದವಾದಷ್ಟೂ ಜನರ ಬದುಕಿನ ತೃಪ್ತಿ ಕಡಿಮೆ ಇತ್ತು. ಸಿಕ್ಕ ಸಂಬಳವಾಗಲಿ ಮನೆಯಾಗಲಿ ಅದನ್ನು ಸರಿದೂಗಿಸಿರಲಿಲ್ಲ. ಹೆಚ್ಚುವರಿ ಕೋಣೆಗೆ ಆರು ತಿಂಗಳಲ್ಲಿ ಒಗ್ಗಿಕೊಳ್ಳುತ್ತೇವೆ. ದಿನಕ್ಕೊಂದು ರೀತಿ ಕಾಡುವ ಟ್ರಾಫಿಕ್ಕಿಗೆ ಒಗ್ಗಿಕೊಳ್ಳುವುದು ಕಷ್ಟ.

ಹಾಗೆಂದು ಜಾಗ ಬೇಡವೆಂದಲ್ಲ. ಬೆಳೆಯುವ ಮಕ್ಕಳು, ಜೊತೆಗಿರುವ ಹಿರಿಯರು, ಮನೆಯಿಂದಲೇ ಕೆಲಸ ಇದ್ದವರಿಗೆ ಒಂದು ಕೋಣೆ ಹೆಚ್ಚು ಬೇಕೇ ಬೇಕು. ಆದರೆ ಅಳೆಯುವಾಗ ಸೂಪರ್ ಬಿಲ್ಟ್‌ಅಪ್ (ಲಾಬಿ, ಮೆಟ್ಟಿಲುಗಳ ಪಾಲೂ ಸೇರಿದ ಅಳತೆ) ಬಿಟ್ಟು ಕಾರ್ಪೆಟ್ ಏರಿಯಾ (ಮನೆಯೊಳಗೆ ಬಳಸಲು ಸಿಗುವ ನೆಲ) ಹಿಡಿಯಿರಿ. 1,500 ಚದರ ಅಡಿ ಎಂದು ಮಾರುವ ಮನೆಯಲ್ಲಿ ಶೇ 30ರಷ್ಟು ಲಾಬಿ, ಮೆಟ್ಟಿಲು, ಗೋಡೆಗೆ ಹೋದರೆ ಒಳಗೆ ಉಳಿಯುವುದು 1,050. ಇನ್ನೊಂದು ಕಡೆಯ 1,350 ಚದರ ಅಡಿಯಲ್ಲಿ ಶೇ 20 ಮಾತ್ರ ಹೋದರೆ 1,080. ಚಿಕ್ಕ ಮನೆಯೇ ದೊಡ್ಡದು. ಕೋಣೆಯ ಆಕಾರವನ್ನೂ ನೋಡಬೇಕು. 10×12 ಕೋಣೆಯೂ 8×15 ಕೋಣೆಯೂ 120 ಚದರ ಅಡಿಯೇ. ಎಂಟು ಅಡಿ ಅಗಲದ ಕೋಣೆಯಲ್ಲಿ ಆರಡಿ ಅಗಲದ ಮಂಚವನ್ನು ಉದ್ದಗೋಡೆಯ ಪಕ್ಕಕ್ಕೆ ಒತ್ತಿದರೆ ಓಡಾಡಲು ಎರಡೇ ಅಡಿ ಉಳಿಯುತ್ತದೆ, ಎರಡಡಿ ಆಳದ ಬೀರುವನ್ನು ಎದುರಿಗಿಟ್ಟರೆ ಅದೂ ಇಲ್ಲ. ಟೇಪು ಹಿಡಿದು ಹೋಗಿ, ನಿಮ್ಮ ಮಂಚ, ಬೀರು, ಮೇಜಿನ ಅಳತೆಯನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತಿಸಿ, ಬಾಗಿಲು ಪೂರ್ತಿ ತೆರೆದು ನೋಡಿ. ಮಾದರಿ ಫ್ಲ್ಯಾಟುಗಳಲ್ಲಿ ಮಂಚ ಚಿಕ್ಕದಿರುವುದೂ, ಬಾಗಿಲುಗಳನ್ನು ಬಿಚ್ಚಿಟ್ಟಿರುವುದೂ ಉಂಟು. ವರ್ಷದಲ್ಲಿ ನಾಲ್ಕಾರು ದಿನ ಬರುವ ನೆಂಟರಿಗಾಗಿ ಒಂದು ಕೋಣೆ ಎಂದಾದರೆ, ಅದರ ಬೆಲೆಯನ್ನು ಸಾಲದ ಕಂತಿಗೆ ತಿರುಗಿಸಿ ನೋಡಿದ ಮೇಲೆ ತೀರ್ಮಾನಿಸಿ.

ವಾರದಲ್ಲಿ ಎರಡೇ ದಿನ ಕಚೇರಿಗೆ ಹೋಗುವವರಿಗೆ ಓಡಾಟದ ಭಾರ ಐದು ದಿನದವರ ಶೇ 40 ಮಾತ್ರ. ಅವರಿಗೆ ದೂರದ, ವಿಶಾಲವಾದ ಮನೆ ಸರಿಯಾದ ಆಯ್ಕೆಯಾಗಬಹುದು. ಆದರೂ ಅವರು ಲೆಕ್ಕವನ್ನು ನಾಲ್ಕು ದಿನಕ್ಕೆ ಹಾಕುವುದು ಒಳ್ಳೆಯದು. ಮನೆಯಿಂದ ಕೆಲಸ ಎಂಬ ಅನುಮತಿಯನ್ನು ಕಂಪನಿ ಒಂದು ಇಮೇಲ್‌ನಲ್ಲಿ ಹಿಂತೆಗೆದುಕೊಳ್ಳಬಹುದು, ಮನೆಯನ್ನು ಹಾಗೆ ಹಿಂತಿರುಗಿಸಲಾಗದು. ಅದೇ ರೀತಿ, 20 ವರ್ಷದ ಸಾಲದ ಅವಧಿಯಲ್ಲಿ ಒಂದೇ ಕಚೇರಿಯಲ್ಲಿ ಉಳಿಯುವವರು ವಿರಳ. ಈಗಿನ ಕಚೇರಿಯ ಪಕ್ಕದಲ್ಲೇ ಕೊಳ್ಳುವುದಕ್ಕಿಂತ, ನಿಮ್ಮ ಕಸುಬಿನ ಕೆಲಸಗಳು ಇರುವ ಎರಡು ಮೂರು ಭಾಗಗಳಿಗೂ ಸಾಧಾರಣ ದೂರವಿರುವ ಕಡೆ ಕೊಳ್ಳುವುದು ಜಾಣತನ. ಇಬ್ಬರು ದುಡಿಯುವ ಮನೆಯಲ್ಲಿ ಇಬ್ಬರ ನಿಮಿಷಗಳನ್ನು ಕೂಡಿಸಿ, ಜೊತೆಗೆ ಮಗುವನ್ನು ಶಾಲೆಯಿಂದ ಕರೆತರುವವರು ಯಾರು ಎಂಬುದನ್ನೂ ಬರೆಯಿರಿ. ಸಂಜೆ ಆರಕ್ಕೆ ಮಗು ಕಾಯುತ್ತಿರುವಾಗ ಒಬ್ಬರದು 20, ಇನ್ನೊಬ್ಬರದು 90 ನಿಮಿಷವಿದ್ದರೆ ಎಲ್ಲ ಹೊಣೆಯೂ 20 ನಿಮಿಷದವರ ಮೇಲೇ ಬೀಳುತ್ತದೆ. ಈ ಮಾತು ಮನೆ ಕೊಳ್ಳುವ ಮೊದಲೇ ಆಗಬೇಕು.

ಬರಲಿರುವ ಮೆಟ್ರೊ, ಬರಲಿರುವ ವರ್ತುಲ ರಸ್ತೆ ಎಂಬ ಮಾತುಗಳನ್ನು ಪರೀಕ್ಷಿಸಲು ಒಂದು ಸುಲಭ ದಾರಿಯಿದೆ. ಎರಡೂ ಬಡಾವಣೆಗಳಲ್ಲಿ ಅಂಥದೇ ಮನೆಯ ವರ್ಷದ ಬಾಡಿಗೆಯನ್ನು ಮನೆಯ ಬೆಲೆಯಿಂದ ಭಾಗಿಸಿ. ಬಾಡಿಗೆ ಕೊಡುವವರು ಇಂದಿರುವ ಸೌಕರ್ಯಕ್ಕೆ ಮಾತ್ರ ಹಣ ಕೊಡುತ್ತಾರೆ, ಕೊಳ್ಳುವವರು ನಾಳೆಯ ಭರವಸೆಗೂ ಕೊಡುತ್ತಾರೆ. ಒಂದು ಕಡೆ ಬಾಡಿಗೆ ಬೆಲೆಯ ಶೇ 3.5, ಇನ್ನೊಂದು ಕಡೆ ಶೇ 2 ಎಂದು ಬಂದರೆ, ಎರಡನೆಯ ಕಡೆಯ ಬೆಲೆಯಲ್ಲಿ ಇನ್ನೂ ಬಾರದ ರೈಲಿನ ಟಿಕೆಟ್ಟೂ ಸೇರಿರುವ ಸಂಭವ ಹೆಚ್ಚು. ಭೂಸ್ವಾಧೀನ ಮುಗಿದಿದೆಯೇ, ಟೆಂಡರ್ ಆಗಿದೆಯೇ, ಕಂಬ ಎದ್ದಿದೆಯೇ ಎಂದು ನೋಡಿ. ಇವು ಮೂರೂ ಇಲ್ಲದಿದ್ದರೆ ಆ ಮಾರ್ಗಕ್ಕೆ ಸೊನ್ನೆ ಬೆಲೆ ಕಟ್ಟಿ. ಅನುಮಾನ ಉಳಿದಿದ್ದರೆ, ಅದೇ ಬಡಾವಣೆಯಲ್ಲಿ ಮೂರು ತಿಂಗಳು ಬಾಡಿಗೆಗಿದ್ದು ನೋಡುವುದಕ್ಕಿಂತ ಅಗ್ಗದ ಪರೀಕ್ಷೆ ಇನ್ನೊಂದಿಲ್ಲ.

ಕೊನೆಗೆ ಪತ್ರಿಕೆಯವರಲ್ಲಿ ನನ್ನ ಕೋರಿಕೆ. ಮನೆಗಳ ಜಾಹೀರಾತು ತೆಗೆದುಕೊಳ್ಳುವಾಗ ನಾಲ್ಕು ವಿವರಗಳನ್ನು ಕಡ್ಡಾಯ ಮಾಡಿ: ಕೆಲಸದ ದಿನ ಬೆಳಿಗ್ಗೆ 9ಕ್ಕೆ ಮತ್ತು ಸಂಜೆ 6ಕ್ಕೆ ನಗರದ ಎರಡು ಗೊತ್ತಾದ ಸ್ಥಳಗಳಿಗೆ ಬೇಕಾಗುವ ಕನಿಷ್ಠ–ಗರಿಷ್ಠ ನಿಮಿಷ, ಕಾರ್ಪೆಟ್ ಏರಿಯಾ, ಹತ್ತಿರದ ನಿಲ್ದಾಣಕ್ಕೆ ನಡೆಯುವ ದೂರ ಮತ್ತು ಅಲ್ಲಿ ಎಷ್ಟು ನಿಮಿಷಕ್ಕೊಮ್ಮೆ ಬಸ್ಸು ಅಥವಾ ರೈಲು ಇದೆ ಎಂಬುದು, ತಿಂಗಳ ನಿರ್ವಹಣಾ ವೆಚ್ಚ. ಇನ್ನೂ ಓಡದ ಮಾರ್ಗವನ್ನು ನಕ್ಷೆಯಲ್ಲಿ ಓಡುತ್ತಿರುವ ಮಾರ್ಗದ ಬಣ್ಣದಲ್ಲೇ ಅಚ್ಚು ಮಾಡುವುದನ್ನು ನಿಲ್ಲಿಸಿ. ನಿಮಿಷಗಳನ್ನು ಕೊಡಲು ಜಾಹೀರಾತುದಾರರು ಹಿಂಜರಿದರೆ, ನಿಮ್ಮ ವರದಿಗಾರರೇ ತಿಂಗಳಿಗೊಂದು ಬಡಾವಣೆಯಿಂದ ಹೊರಟು ಅಳೆದು ಅದೇ ಪುಟದಲ್ಲಿ ಪ್ರಕಟಿಸಬಹುದು.

ಇತಿ,
ನಿಮ್ಮ ಪತ್ರಿಕೆಯ ಓದುಗ